ಹಸಿರು ಚೌಕದವನ ಜೊತೆ ಮಾತು ಬಿಟ್ಟಿದ್ದೇನೆ

9 ನವೆಂಬರ್ 2008, ಭಾನುವಾರ

ನಮ್ಮ ವಂಶದ ಚರಿತ್ರೆಯಲ್ಲಿ ಸುವರ್ಣಾಕ್ಷರಗಳಿಂದ ಬರೆದಿಡಬೇಕಾದ ದಿನ ಇಂದು. ಮುಂದಿನ ತಲೆಮಾರುಗಳು ನೆನೆದು ಪುಳಕಗೊಳ್ಳಲಿ ಎಂಬ ಒಂದೇ ಉದ್ದೇಶದಿಂದ, ವಿಮೆಯವರು ಕೊಟ್ಟು ಖಾಲಿ ಬಿದ್ದಿದ್ದ ಈ ಡೈರಿಯನ್ನು ತೆರೆದಿದ್ದೇನೆ. ಹಾಸನದ ನಮ್ಮ ಬಡಾವಣೆಯ ಸೈಬರ್ ಸೆಂಟರಿನಲ್ಲಿ, ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರಾದ ದೇವರಾಜು ಎಂಬ ನನಗೆ, ಹೆಂಡತಿ ಯಶೋದಳ ಸಮಕ್ಷಮದಲ್ಲಿ, ಒಂದು ಇ-ಮೇಲ್ ವಿಳಾಸ ಲಭಿಸಿತು.

ಅದೂ ಪುಕ್ಕಟೆ. ಪುಕ್ಕಟೆ ಕೊಡುವವನಿಗೆ ಏನು ಲಾಭ ಎಂದು ಕೇಳಿದೆ. “ಮಾವ, ಕೊಟ್ಟಾಗ ಇಸ್ಕೋಬೇಕು. ಹುಡುಗಿ ನೋಡೋಕೆ ಬಂದೋರ ಥರ ವಿಚಾರಿಸ್ತಾ ಕೂರಬಾರದು” ಎಂದಳು ರೂಪಶ್ರೀ. ಇವಳು ನನ್ನ ತಂಗಿ ಅನಸೂಯಮ್ಮನ ಮಗಳು. ಚನ್ನರಾಯಪಟ್ಟಣದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಾಳೆ. ಫೆಬ್ರವರಿ ಎಂಟಕ್ಕೆ ಅವಳ ಮದುವೆ ಗೊತ್ತಾಗಿದೆ.

ದೇವರಾಜು ಎಂಬ ಹೆಸರನ್ನು ಯಾರೋ ಆಗಲೇ ತೆಗೆದುಕೊಂಡಿದ್ದರು. ಹಿಂದೆ ಊರು ಸೇರಿಸಿದರೆ ಅದನ್ನೂ ತೆಗೆದುಕೊಂಡಿದ್ದರು. ನನಗಿಂತ ಮುಂಚೆ ನಾನಾಗಿ ಹೋದ ಇನ್ನೊಬ್ಬ ಇದೇ ಹಾಸನದಲ್ಲಿದ್ದಾನೆಂದು ತಿಳಿದು ಬೇಸರವಾಯಿತು. ಕೊನೆಗೆ ಹೆಸರಿನ ಮುಂದೆ ಮೇಷ್ಟ್ರು ಎಂದು ಹಾಕಿದ ಮೇಲೆ ಯಂತ್ರ ಮರ್ಯಾದೆ ಕೊಟ್ಟಿತು.

“ಮದುವೆ ಕೆಲಸ ಎಲ್ಲಾ ಆನ್‌ಲೈನಲ್ಲೇ ಮಾಡಾಣ ಮಾವ. ಹಾಸನದಲ್ಲಿ ನೀವು, ಪಟ್ಟಣದಲ್ಲಿ ನಾವು, ಹೊಳೆನರಸೀಪುರದಲ್ಲಿ ಅಜ್ಜೀರು. ಬಸ್ಸಲ್ಲಿ ಅಲೆಯೋದು ತಪ್ಪುತ್ತೆ” ಎಂದಳು. ನಾಲ್ಕನೆಯ ಊರಿನ ಹೆಸರನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರಕಲಗೂಡು ಎಂಬ ಊರು ಭೂಪಟದಲ್ಲಿದೆ. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಅಷ್ಟನ್ನು ಒಪ್ಪುತ್ತೇನೆ.

13 ನವೆಂಬರ್

ಪಾಸ್‌ವರ್ಡ್ ಮರೆತುಹೋಯಿತು. ಮರೆಯಬಾರದೆಂದು ಸೀಮೆಸುಣ್ಣದಲ್ಲಿ ಅಂಗೈ ಮೇಲೆ ಬರೆದುಕೊಂಡಿದ್ದೆ. ಮಧ್ಯಾಹ್ನ ಊಟಕ್ಕೆ ಮುಂಚೆ ಕೈ ತೊಳೆದೆ.

ಇಂಥ ಸಂದರ್ಭಕ್ಕೆಂದೇ ಯಂತ್ರ ಒಂದು ಗುಟ್ಟಿನ ಪ್ರಶ್ನೆ ಕೇಳುತ್ತದೆ: ಬಾಲ್ಯದಲ್ಲಿ ನಿಮ್ಮ ನೆಚ್ಚಿನ ಗೆಳೆಯ ಯಾರು? ಮೊದಲ ದಿನ ಏನು ಉತ್ತರ ಕೊಟ್ಟಿದ್ದೆನೋ ನೆನಪಿಲ್ಲ. ನನ್ನ ಜೊತೆ ಓದಿದ ಐದು ಜನರ ಹೆಸರು ಹೊಡೆದೆ. ಐದನ್ನೂ ತಿರಸ್ಕರಿಸಿತು. ಆರನೆಯ ಹೆಸರನ್ನು ಹೊಡೆದ ತಕ್ಷಣ ಬಾಗಿಲು ತೆರೆಯಿತು. ಆ ಹೆಸರು ಯಾವುದೆಂದು ಇಲ್ಲಿ ಬರೆಯುವುದು ಭದ್ರತೆಯ ದೃಷ್ಟಿಯಿಂದ ಒಳ್ಳೆಯದಲ್ಲ. ಆತ ನನ್ನ ಜೊತೆ ಓದಿದವನಲ್ಲ, ಎರಡು ಕ್ಲಾಸು ಕೆಳಗಿದ್ದವನು ಎಂದಷ್ಟೇ ಹೇಳಬಹುದು.

16 ನವೆಂಬರ್, ಭಾನುವಾರ

ಇಂದು ಆಕಾಶದಿಂದ ಭೂಮಿಯನ್ನು ನೋಡಿದೆ. ಇದೂ ಪುಕ್ಕಟೆ. ನಮ್ಮ ಬಡಾವಣೆ ಕಂಡಿತು, ನಮ್ಮ ತಾರಸಿ ಕಂಡಿತು, ತಾರಸಿಯ ಮೇಲೆ ನೀರಿನ ಟ್ಯಾಂಕು ಒಂದು ಕಪ್ಪು ಚುಕ್ಕೆಯಾಗಿ ಕಂಡಿತು. ಯಶೋದ ಒಣಹಾಕಿದ ಹಪ್ಪಳ ಕಾಣುತ್ತದೆಯೇ ಎಂದು ಹುಡುಕಿದೆ. ವಿಜ್ಞಾನ ಅಷ್ಟು ಮುಂದುವರಿದಿಲ್ಲ.

ಆಮೇಲೆ ಮೌಸು ಕೈಜಾರಿ ನಕ್ಷೆ ತೆಂಕಲಿಗೆ ಸರಿದು ಅರಕಲಗೂಡಿನ ಮೇಲೆ ನಿಂತಿತು. ಜಾರಿದ ಮೌಸನ್ನು ಒಂದೇ ಸಲಕ್ಕೆ ಹಿಂದಕ್ಕೆಳೆಯುವುದು ಯಂತ್ರಕ್ಕೆ ಒಳ್ಳೆಯದಲ್ಲವೆಂದು ನನ್ನ ಅಂದಾಜು. ಹಾಗಾಗಿ ಅರ್ಧ ಗಂಟೆ ಹಾಗೇ ಬಿಟ್ಟಿದ್ದೆ. ಶುಂಠಿ ಹೊಲ ಯಾವುದು, ಮನೆ ಯಾವುದು ಒಂದೂ ತಿಳಿಯಲಿಲ್ಲ. ಎಲ್ಲ ಹಸಿರು ಮಸುಕು.

ಅಲ್ಲಿ ಶುಂಠಿ ಬೆಳೆಯುವವನು ನನ್ನ ತಮ್ಮ ಪುಟ್ಟರಾಜು. ನಾಲ್ಕು ವರ್ಷದ ಹಿಂದೆ ನಮ್ಮ ಈ ಮನೆಯ ಗೃಹಪ್ರವೇಶಕ್ಕೆ ಬರಲಿಲ್ಲ. ಊರಿನವರನ್ನೆಲ್ಲ ತಟ್ಟೆಯಲ್ಲಿ ಕುಂಕುಮ, ಅಕ್ಷತೆ, ಪತ್ರಿಕೆ ಇಟ್ಟುಕೊಂಡು ಹೊಸಿಲಿಗೆ ಹೋಗಿ ಕರೆದೆನಂತೆ, ಅವನೊಬ್ಬನನ್ನು ಮಾತ್ರ ಫೋನಿನಲ್ಲಿ “ಬಂದ್ಬುಡ್ಲಾ” ಎಂದೆನಂತೆ. ಒಡಹುಟ್ಟಿದವನಿಗೆ ತಟ್ಟೆ ಹಿಡಿಯಲು ಅವನೇನು ನೆಂಟನೇ? ಅಂದಿನಿಂದ ನಾನು ಮಾತು ಬಿಟ್ಟಿದ್ದೇನೆ. ಅವನೂ ಬಿಟ್ಟಿದ್ದಾನೆ. ಆದರೆ ಮೊದಲು ಬಿಟ್ಟವನು ನಾನು, ದಾಖಲೆಯಲ್ಲಿರಲಿ.

ಸಂಜೆ ಅನಸೂಯ ಫೋನ್ ಮಾಡಿದಳು.

“ಅಣ್ಣಯ್ಯ, ನಿನ್ಗೂ ಹೇಳ್ತೀನಿ, ಅವುನ್ಗೂ ಹೇಳಿದೀನಿ. ನನ್ ಮಗಳ್ನ ಮಂಟಪಕ್ಕೆ ಕರ್ಕಬರೋರು ಸೋದರಮಾವದೀರು. ಆ ಕೈ ಒಬ್ಬ, ಈ ಕೈ ಒಬ್ಬ ಇಡ್ಕಂಡು ಬರ್ಬೇಕು. ಒಬ್ನೇ ಬರೋದಾದ್ರೆ ಆ ಒಬ್ನೂ ಬ್ಯಾಡ. ನಮ್ಮನೆಯವ್ರ ಸ್ನೇಹಿತ್ರು ಯಾರಾರ ಕರ್ಕಬತ್ತಾರೆ.”

“ಅವನೇನಂದ?”

“ಅಣ್ಣ ಬಂದು ನಮ್ಮನೆ ಹೊಸಲಲ್ಲಿ ನಿಂತು ಕರುದ್ರೆ ಬತ್ತೀನಿ ಅಂದ.”

“ಅವನು ಮೊದಲು ನಮ್ಮನೆ ಹೊಸಿಲು ದಾಟಲಿ” ಎಂದೆ. ಅವಳು ಫೋನಿಟ್ಟಳು.

ಇಬ್ಬರು ಸೋದರಮಾವಂದಿರು ಬದುಕಿರುವಾಗ ಯಾವನೋ ಸ್ನೇಹಿತ ಹುಡುಗಿಯ ಕೈ ಹಿಡಿದು ಕರೆತರುವುದೆಂದರೆ ಹೇಗೆ? ಊರು ಏನಂದೀತು? ಆದರೆ ತತ್ತ್ವ ಎಂದರೆ ತತ್ತ್ವ.

23 ನವೆಂಬರ್, ಭಾನುವಾರ

ರೂಪಶ್ರೀ ಒಂದು ಹಾಳೆ ಮಾಡಿದ್ದಾಳೆ. ಮನೆಗಳ ಹೆಸರು, ಊರು, ಸಂಬಂಧ, ಪತ್ರಿಕೆ ಕೊಟ್ಟಾಯಿತೇ ಎಂದು ಗೆರೆ ಹೊಡೆದ ಹಾಳೆ. ನಾಲ್ಕು ಊರಿನಲ್ಲಿ ಕುಳಿತವರು ಒಟ್ಟಿಗೆ ಈ ಒಂದೇ ಹಾಳೆಯ ಮೇಲೆ ಬರೆಯಬಹುದು. ಯಾರು ಎಲ್ಲಿ ಬರೆಯುತ್ತಿದ್ದಾರೆಂದು ಒಂದೊಂದು ಬಣ್ಣದ ಚೌಕ ತೋರಿಸುತ್ತದೆ. ನನ್ನದು ನೀಲಿ, ಅವಳದು ಗುಲಾಬಿ.

ನೆಂಟರ ಹೆಸರು ಬರೆಯುವುದು ಸುಲಭ ಎಂದು ಹೊರಗಿನವರು ತಿಳಿಯಬಹುದು. ನಮ್ಮ ಕಡೆ ಯಾರ ಮನೆಗೆ ಮೊದಲು ಪತ್ರಿಕೆ ಹೋಯಿತು, ಯಾರ ಮನೆಗೆ ಆಮೇಲೆ ಹೋಯಿತು ಎಂಬುದರ ಮೇಲೆ ಸಂಬಂಧಗಳು ನಿಂತಿವೆ, ಬಿದ್ದಿವೆ. ಮೊದಲ ಸಾಲು ಮನೆದೇವರದು. ಎರಡನೆಯದು ಹೊಳೆನರಸೀಪುರದ ದೊಡ್ಡತಾಯಮ್ಮನದು. ಆಕೆ ನಮ್ಮ ಅಪ್ಪನ ಅಕ್ಕ, ಇಡೀ ವಂಶಕ್ಕೆ ಹಿರಿಯಳು. ಅಲ್ಲಿಂದ ಮುಂದೆ ಇತಿಹಾಸದ ಮೇಷ್ಟ್ರಿಗೂ ಕಷ್ಟ.

ಸಂಜೆ ಹಾಳೆಯ ಮೇಲೆ ಒಂದು ಹಸಿರು ಚೌಕ ಬಂತು. ಕರೆಯದೆ ಬಂದು ಸಾಲುಗಳ ಮೇಲೆಲ್ಲ ಓಡಾಡಿತು. ರೂಪಶ್ರೀಗೆ ಫೋನ್ ಮಾಡಿದೆ.

“ಯಾರಮ್ಮ ಇದು ಹಸಿರು?”

“ಚಿಕ್ಕಮಾವ.”

“ಇವನನ್ನ ಒಳಕ್ಕೆ ಬಿಟ್ಟೋರ್ಯಾರು?”

“ನಾನೇ. ಶುಂಠಿ ರೇಟು ನೋಡಕ್ಕೆ ದಿನಾ ಸೈಬರಿಗೆ ಬರ್ತಾರೆ. ನೆಂಟರ ಮನೆಯೆಲ್ಲ ಅವರಿಗೇ ಗೊತ್ತಿರೋದು.”

“ನಂಗೊತ್ತಿಲ್ವಾ?”

“ನಿಮಗೆ ವಂಶ ಗೊತ್ತು ಮಾವ. ಅವರಿಗೆ ಮನೆ ಗೊತ್ತು.”

ಈ ಹುಡುಗಿಯ ನಾಲಿಗೆಗೆ ಗಂಡನ ಮನೆಯಲ್ಲಿ ಒಳ್ಳೆಯ ಭವಿಷ್ಯವಿದೆ.

30 ನವೆಂಬರ್, ಭಾನುವಾರ

ನಾನು ಶ್ರವಣಬೆಳಗೊಳದ ಚಿಕ್ಕಪ್ಪನ ಮನೆಯನ್ನು ಐದನೆಯ ಸಾಲಿಗೆ ತಂದೆ. ಹಸಿರು ಚೌಕ ಅದನ್ನು ಆರಕ್ಕೆ ಇಳಿಸಿತು. ನಾನು ಮತ್ತೆ ಐದಕ್ಕೆ ಏರಿಸಿದೆ. ಅದು ಮತ್ತೆ ಇಳಿಸಿತು. ಹೀಗೆ ಆ ಬಡಪಾಯಿ ಮನೆ ಏತದ ಹಾಗೆ ಏರಿಳಿಯುತ್ತಿರುವಾಗ ಹಾಳೆಯ ಪಕ್ಕದಲ್ಲಿ ಒಂದು ಪುಟ್ಟ ಕಿಟಕಿ ಕಂಡಿತು. ಅಲ್ಲಿ ಬರೆದದ್ದು ಹಾಳೆಯಲ್ಲಿರುವವರಿಗೆಲ್ಲ ಕಾಣುತ್ತದಂತೆ. ಯಾರನ್ನೂ ಉದ್ದೇಶಿಸದೆ, ಸಾರ್ವಜನಿಕ ಪ್ರಕಟಣೆಯ ಧಾಟಿಯಲ್ಲಿ ಬರೆದೆ:

“ಬೆಳಗೊಳದವರು ಮೇಲೆ ಬರತಕ್ಕದ್ದು.”

ಹಸಿರು: “ಜಿನನಾಥಪುರದೋರು ಅವ್ರಿಗಿಂತ ದೊಡ್ಡೋರು. ಅಜ್ಜಿಯ ಅಕ್ಕನ ಮನೆ ಅದು.”

“ಯಾವ ಅಜ್ಜಿ?”

“ನಿನ್ನ ಹಾಲುಹಲ್ಲು ಬಿದ್ದಾಗ ಸಗಣಿ ಉಂಡೇಲಿ ಇಟ್ಟು ಮಾಡಿನ ಮ್ಯಾಕೆ ಎಸುದ್ರಲ್ಲ, ಆವಜ್ಜಿ.”

“ಅದು ನನ್ನ ಹಲ್ಲಲ್ಲ. ನಿನ್ನದು.”

“ನಿಂದೇ. ಮೂರ್ ಸತಿ ಎಸುದ್ರೂ ವಾಪಸ್ ಬಂತು. ಅದುಕ್ಕೇ ನಿನ್ ಮುಂದಿನ ಹಲ್ಲು ವಾರೆ.”

ಕನ್ನಡಿಯಲ್ಲಿ ನೋಡಿಕೊಂಡೆ. ಸ್ವಲ್ಪ ವಾರೆ ಇದೆ. ಜಿನನಾಥಪುರದವರು ಐದನೆಯ ಸಾಲಿಗೆ ಬಂದರು.

ಇಲ್ಲಿ ಒಂದು ಸ್ಪಷ್ಟೀಕರಣ. ನಾನು ಅರಕಲಗೂಡಿನವನ ಜೊತೆ ಮಾತಾಡಿಲ್ಲ. ಟೈಪ್ ಮಾಡಿದ್ದೇನೆ. ಮಾತು ಎಂದರೆ ಬಾಯಿಂದ ಹೊರಡುವ ಶಬ್ದ. ಬಾಯಿ ಮುಚ್ಚಿತ್ತು ಎಂಬುದಕ್ಕೆ ಪಕ್ಕದ ಕುರ್ಚಿಯಲ್ಲಿ ಇಸ್ಪೀಟಾಡುತ್ತಿದ್ದವನು ಸಾಕ್ಷಿ.

4 ಡಿಸೆಂಬರ್

ಹಸಿರು ಚೌಕ ಬರಲಿಲ್ಲ. ಹಾಳೆ ನಿಶ್ಶಬ್ದವಾಗಿತ್ತು. ಒಳ್ಳೆಯದೇ ಆಯಿತು.

5 ಡಿಸೆಂಬರ್

ಬರಲಿಲ್ಲ.

6 ಡಿಸೆಂಬರ್

ಬಂತು. ಶುಂಠಿ ಕೀಳಲು ಆಳು ಬಂದಿದ್ದರಂತೆ. ನಾನೇನೂ ಕೇಳಿರಲಿಲ್ಲ. ಕಿಟಕಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ ಅಷ್ಟೆ. ಚಿಹ್ನೆ ಮಾತಲ್ಲ.

ಮಂಡಿ ನೋವು ಹಾಗೇ ಇದೆಯಂತೆ. ಅದನ್ನೂ ನಾನು ಕೇಳಿರಲಿಲ್ಲ. ಎಣ್ಣೆ ಯಾವುದು ಹಚ್ಚಬೇಕೆಂದು ಹಾಳೆಯ ಖಾಲಿ ಸಾಲಿನಲ್ಲಿ ಬರೆದಿಟ್ಟೆ. ಸಾರ್ವಜನಿಕರಿಗೆ ಉಪಯೋಗವಾಗಲಿ.

21 ಡಿಸೆಂಬರ್, ಭಾನುವಾರ

ಈ ವಾರ ಕ್ಯಾಲೆಂಡರು ಕಲಿತೆ. ಗೋಡೆಯ ಮೇಲಿನದಲ್ಲ, ಇದರಲ್ಲಿ ದಿನದ ಮೇಲೆ ಒತ್ತಿ “ರೂಪಶ್ರೀ ಮದುವೆ” ಎಂದು ಬರೆದು, ಬೇಕಾದವರ ಇ-ಮೇಲ್ ಹಾಕಿದರೆ ಎಲ್ಲರಿಗೂ ಕರೆ ಹೋಗುತ್ತದೆ. ಕರೆ ಹೋದವರ ಮುಂದೆ ಮೂರು ಗುಂಡಿ: ಬರುತ್ತೇನೆ, ಬರುವುದಿಲ್ಲ, ಬರಬಹುದು. ಅಡುಗೆಯವರಿಗೆ ಎಲೆ ಲೆಕ್ಕ ಹೇಳಲು ಇದಕ್ಕಿಂತ ಏನು ಬೇಕು? ಓದಿದ ಹುಡುಗರು, ಅವರಪ್ಪಂದಿರು ಎಂದು ವಂಶದಲ್ಲಿ ಇ-ಮೇಲ್ ಉಳ್ಳವರಿಗೆಲ್ಲ ಕಳಿಸಿದೆ.

ಉತ್ತರಗಳು ಬಂದಿವೆ. ಎಲ್ಲರೂ ಮೂರನೆಯ ಗುಂಡಿ ಒತ್ತಿದ್ದಾರೆ.

ಯೋಚಿಸಿ ನೋಡಿದರೆ ತಪ್ಪು ಅವರದಲ್ಲ. ಈ ಗುಂಡಿಗಳನ್ನು ಮಾಡಿದವನು ನಮ್ಮ ಜಿಲ್ಲೆಯವನಲ್ಲ. ನಮ್ಮಲ್ಲಿ ಮದುವೆಗೆ ಬರುವುದಿಲ್ಲ ಎನ್ನುವುದು ಅಪಶಕುನ. ಬರುತ್ತೇನೆ ಎಂದು ಮುಖಕ್ಕೆ ಹೇಳುವುದು, ಊಟಕ್ಕೆ ಕಾದು ಕೂತವನ ಲಕ್ಷಣ. ಗೌರವಸ್ಥರು ಪತ್ರಿಕೆ ಇಸಿದುಕೊಂಡು “ನೋಡಾನ” ಎನ್ನುತ್ತಾರೆ. ಹಾಗೆಂದವರು ಹಿಂದಿನ ದಿನವೇ ಚಾಪೆ ಸಮೇತ ಬಂದಿಳಿಯುತ್ತಾರೆ.

“ಬರುತ್ತೇನೆ” ಎಂದು ಒತ್ತಿದ್ದು ಒಬ್ಬಳೇ, ರೂಪಶ್ರೀ. ಮದುವಣಗಿತ್ತಿ ಬರುವುದು ಖಚಿತವಾಯಿತು.

ಅಡುಗೆಯ ಗುಂಡಯ್ಯನವರಿಗೆ ಫೋನಿನಲ್ಲಿ ಈ ಅಂಕಿಅಂಶ ಒಪ್ಪಿಸಿದೆ.

“ಸಾ, ಅದ್ಯಾವ್ದು ಮೂರ್ನೇದು ಅಂದ್ರಲ್ಲ. ಅದುಕ್ಕೆ ಎಷ್ಟು ಎಲೆ ಇಡ್ಕಳ್ಳಿ?”

“ಬರಬಹುದು ಅಂತ.”

“ಅದೇ ಸಾ. ಬರಬೌದು ಅಂದೋರು ಅರ್ಧ ಉಂಡು ಎದ್ದೋಯ್ತಾರಾ?”

ಅರಕಲಗೂಡಿನಿಂದ ಬಂದ ಉತ್ತರವೂ “ಬರಬಹುದು.” ಬರುವುದಿಲ್ಲ ಎಂದಿಲ್ಲ ಎಂಬುದನ್ನು ಸುಮ್ಮನೆ ದಾಖಲಿಸುತ್ತೇನೆ. ಅನಸೂಯಳಿಗೆ ಹೇಳಿದ್ದಕ್ಕೆ, “ಗುಂಡಿ ಒತ್ತುದ್ರೆ ಕರ್ದಂಗಾಯ್ತಾ ಅಣ್ಣಯ್ಯ? ಅವ್ನು ಹೊಸಲು ಕೇಳ್ತಾವ್ನೆ” ಎಂದು ಮೂಗೆಳೆದಳು.

11 ಜನವರಿ 2009, ಭಾನುವಾರ

ಪತ್ರಿಕೆಗಳು ಅಚ್ಚಾಗಿ ಬಂದಿವೆ. ಮುಂದಿನ ಭಾನುವಾರ ಹೊಳೆನರಸೀಪುರದ ಮನೆಗಳನ್ನು ಕರೆಯುವ ಹೊಣೆ ನನ್ನದು.

ಇಂದು ಹಾಳೆಯ ತುದಿಯಲ್ಲಿ ಒಂದು ಗುಂಡಿ ಕಂಡುಹಿಡಿದೆ. ಒತ್ತಿದರೆ ಎಲ್ಲ ಸಾಲುಗಳೂ ಕಣ್ಮುಚ್ಚಿ ತೆಗೆಯುವುದರೊಳಗೆ ಸಾಲಾಗಿ ನಿಲ್ಲುತ್ತವೆ. ಎರಡು ತಿಂಗಳಿಂದ ಮೂವರು ಸೇರಿ ಜಗ್ಗಾಡಿದ ಕೆಲಸ. ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳು ಇಷ್ಟು ಶಿಸ್ತಾಗಿ ನಿಂತದ್ದನ್ನು ನಾನು ಕಂಡಿಲ್ಲ. ಹೊಳೆನರಸೀಪುರದ ಭಾಗವನ್ನಷ್ಟೇ ಪ್ರಿಂಟ್ ತೆಗೆಸಿಕೊಂಡೆ. ಹಸಿರಿಗೆ ತೋರಿಸೋಣವೆಂದು ಕಾದೆ. ಇಂದು ಬರಲಿಲ್ಲ.

18 ಜನವರಿ, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ ಇತಿಹಾಸ ಸೋಲುಗಳನ್ನೂ ಬರೆದಿಡಬೇಕು.

ಪ್ರಿಂಟಿನಲ್ಲಿದ್ದ ಪ್ರಕಾರ ಮೊದಲು ಚಿಕ್ಕತಾಯಮ್ಮನ ಮನೆಗೆ ಹೋದೆ. ಈಕೆ ದೊಡ್ಡತಾಯಮ್ಮನ ತಂಗಿ. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿ. ಕುಂಕುಮ, ಅಕ್ಷತೆ ಕೊಟ್ಟು, ಕಾಫಿ ಕುಡಿದು, ಆಮೇಲೆ ಎದುರುಸಾಲಿನ ದೊಡ್ಡತ್ತೆಯ ಹೊಸಿಲಲ್ಲಿ ತಟ್ಟೆ ಹಿಡಿದು ನಿಂತೆ. ಎಂಬತ್ತು ದಾಟಿದ ಆಕೆ ನನ್ನ ಮುಖವನ್ನೇ ನೋಡಿದಳು.

“ಚಿಕ್ಕಿ ಮನೇಲಿ ಕಾಪಿ ಕುಡ್ದು ಬಂದಿದೀಯ.”

“ಇಲ್ಲ ಅತ್ತೆ...”

“ಮೀಸೆ ಮ್ಯಾಲೆ ಐತೆ ಕಣ್ಲಾ.”

ಒರೆಸಿಕೊಂಡೆ. ಸಾಕ್ಷ್ಯನಾಶದಿಂದ ಅಪರಾಧ ಇನ್ನಷ್ಟು ದೃಢಪಟ್ಟಿತು.

“ನಂಗಿಂತ ಮೊದ್ಲು ಅವ್ಳಿಗಾ? ನಾನೇನು ಸತ್ತೋಗಿದೀನಾ ಅಥ್ವಾ ಅವ್ಳೇ ಮೊದ್ಲು ಉಟ್ಟುದ್ಲಾ?”

“ಕಂಪ್ಯೂಟರಲ್ಲಿ ಹಾಗೆ ಬಂದಿತ್ತು ಅತ್ತೆ. ಅಕ್ಷರಮಾಲೆ ಪ್ರಕಾರ ಚಿಕ್ಕದು ಮೊದಲು, ದೊಡ್ಡದು ಆಮೇಲೆ...”

“ನಿಮ್ಮಪ್ಪ ಒಂದಕ್ಷರ ಕಲೀನಿಲ್ಲ. ಒಂದು ದಿನ ನನ್ ಹೊಸಲು ದಾಟ್ಕಂಡು ಬ್ಯಾರೆ ಮನೆಗೆ ಓಗ್ನಿಲ್ಲ. ತಟ್ಟೆ ತಗಂಡು ಓಗು.”

ತಗಂಡು ಹೊರಟೆ. ಬೀದಿ ತಿರುಗುವಾಗ ಹಿಂದಿನಿಂದ ಕೂಗಿದಳು.

“ಲೇ ದೇವ್ರಾಜ. ಪುಟ್ಟನ್ನೂ ಕರ್ಕಂಡು ಬಾ. ನನ್ ತಮ್ಮನ ಮಕ್ಳು ಇಬ್ರೂ ಜೊತೇಲಿ ನಿಂತು ಕರುದ್ರೆ ಬತ್ತೀನಿ. ಇಲ್ದಿದ್ರೆ ನಾನು ಯಾತಕ್ಕೂ ಇಲ್ಲ.”

ಬಸ್ಸಿನಲ್ಲಿ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತೆ. ದೊಡ್ಡತ್ತೆ ಬಾರದ ಮದುವೆ ನಮ್ಮ ವಂಶದಲ್ಲಿ ನಡೆದಿಲ್ಲ. ಪಕ್ಕದವನು ಯಾರ ಮದುವೆ ಎಂದು ಕೇಳಿದ. ಗೊತ್ತಿಲ್ಲ ಎಂದೆ.

19 ಜನವರಿ

ಶಾಲೆ ಬಿಟ್ಟ ಕೂಡಲೇ ಸೈಬರಿಗೆ ಓಡಿದೆ. ಇಡೀ ಹಾಳೆ ನಾಶವಾಗಿದೆ. ಮೊದಲ ಸಾಲಿನಲ್ಲಿ “ಆಟೋ ನಾಗೇಶ” ವಿರಾಜಮಾನನಾಗಿದ್ದಾನೆ. ಮನೆದೇವರು ಎಲ್ಲೋ ಕೆಳಗೆ, ಮಂಡ್ಯದ ಬೀಗರ ಪಕ್ಕದಲ್ಲಿ ಮುದುರಿ ಕೂತಿದೆ. ಹಸಿರು ಚೌಕ ಆಗಲೇ ಬಂದಿತ್ತು.

“ಯಾವ್ ಕತ್ತೆ ಮಾಡಿದ್ದು ಇದ್ನ?”

“ನೀಲಿ ಕಡೆಯಿಂದ ಆಗಿರಬಹುದು” ಎಂದು ಬರೆದು, ಮೀಸೆಯ ಮೇಲಿನ ಕಾಫಿಯ ಪ್ರಸಂಗವನ್ನೂ ಸಾರ್ವಜನಿಕ ಮಾಹಿತಿಗಾಗಿ ಸೇರಿಸಿದೆ.

  ಹಸಿರು ಚೌಕ ಮನೆದೇವರನ್ನು ಎತ್ತಿಕೊಂಡು ಹೋಗಿ ಮೊದಲ ಸಾಲಿನಲ್ಲಿಟ್ಟಿತು. ನಾನು ದೊಡ್ಡತ್ತೆಯನ್ನು ಎತ್ತಿಕೊಂಡು ಬಂದು ಕೆಳಗಿಟ್ಟೆ. ಹೀಗೆ ಒಂದೊಂದೇ ಮನೆ. ಅವನು ಹೇಳುತ್ತಾ ಹೋದ: ಇವರ ಮನೆಯಲ್ಲಿ ನಾವು ನಾಮಕರಣಕ್ಕೆ ಹೋಗಿ ಬಾವಿಗೆ ಚೊಂಬು ಬೀಳಿಸಿದ್ದು, ಇವರ ಮನೆ ನಾಯಿ ನಿನ್ನ ಚಡ್ಡಿ ಹರಿದದ್ದು, ಹಾಗಾಗಿ ಇವರು ಮೇಲೆ. ನಾಯಿ ಕಚ್ಚಿದರೆ ಯಾಕೆ ಮೇಲೆ ಎಂದು ಕೇಳಿದೆ. “ಆಮೇಲೆ ಅವ್ರು ನಿಂಗೆ ಹೊಸ ಚಡ್ಡಿ ಹೊಲುಸ್ಕೊಟ್ರಲ್ಲ. ಮರ್ತುಬುಟ್ಯಾ?” ಎಂದ. ಮರೆತಿದ್ದೆ. ಸೈಬರಿನವನು ದೀಪ ಆರಿಸಿ ಹೊರಡಿ ಸಾರ್ ಎನ್ನುವವರೆಗೂ ಕೂತಿದ್ದೆವು.

ದೊಡ್ಡತ್ತೆಯ ಷರತ್ತನ್ನು ಪುಟ್ಟರಾಜುವಿಗೆ ಬಾಯಲ್ಲಿ ಹೇಳುವಂತಿಲ್ಲ, ಮಾತು ಬಿಟ್ಟಿದ್ದೇವಲ್ಲ. ಕ್ಯಾಲೆಂಡರಿನಲ್ಲಿ ಬರುವ ಭಾನುವಾರದ ಮೇಲೆ “ದೊಡ್ಡತ್ತೆ ಮನೆ, ಹತ್ತು ಗಂಟೆ, ಬಸ್‌ಸ್ಟ್ಯಾಂಡ್” ಎಂದು ಬರೆದು ಕರೆ ಕಳಿಸಿದೆ. ಉತ್ತರ ಬಂತು: ಬರಬಹುದು.

26 ಜನವರಿ

ನಿನ್ನೆಯದನ್ನು ಇಂದು ಬರೆಯುತ್ತಿದ್ದೇನೆ. ಕಾರಣ ಮುಂದೆ ಗೊತ್ತಾಗುತ್ತದೆ.

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಪುಟ್ಟರಾಜು ನನಗಿಂತ ಮುಂಚೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಕೂದಲು ಪೂರಾ ಬೆಳ್ಳಗಾಗಿದೆ. ಏಳುವಾಗ ಮಂಡಿಯ ಮೇಲೆ ಕೈಯೂರಿ ಎದ್ದ. ಹಾಳೆಯಲ್ಲಿ ಇದೊಂದೂ ಕಾಣುವುದಿಲ್ಲ. ನಾಲ್ಕು ವರ್ಷದ ಮೇಲೆ ಅಣ್ಣನನ್ನು ಕಂಡವನು ಏನು ಹೇಳಬಹುದೆಂದು ದಾರಿಯುದ್ದಕ್ಕೂ ಊಹಿಸಿಕೊಂಡು ಬಂದಿದ್ದೆ.

“ಕಾಪಿ ಕುಡ್ದ್ಯಾ?” ಎಂದ.

“ಇಲ್ಲ.”

“ಒಳ್ಳೇದಾಯ್ತು. ಆದ್ರೂವೆ ಒಂದ್ಸಲ ಮೀಸೆ ಒರೆಸ್ಕೊ.”

ದೊಡ್ಡತ್ತೆಯ ಹೊಸಿಲಲ್ಲಿ ಇಬ್ಬರೂ ನಿಂತು ಕರೆದೆವು. ಕುಂಕುಮ ಇಟ್ಟುಕೊಂಡಳು, ಅಕ್ಷತೆ ತಲೆಗೆ ಹಾಕಿಕೊಂಡಳು, ನಮ್ಮಿಬ್ಬರನ್ನೂ ಸರದಿಯ ಮೇಲೆ ನೋಡಿದಳು.

“ಇವುನ್ನ ಕರುದ್ಯಾ ಮದ್ವೆಗೆ?”

“ಇ-ಮೇಲ್ ಕಳಿಸಿದೀನಿ ಅತ್ತೆ. ಕ್ಯಾಲೆಂಡರಲ್ಲೂ ಹಾಕಿದೀನಿ.”

“ಅದ್ರಲ್ಲಿ ಅಕ್ಷತೆ ಓಯ್ತದಾ?”

“ಅಕ್ಷತೆ ಹೋಗಲ್ಲ.”

“ಅಂಗಾರೆ ಅದೇನು ಕರ್ದಂಗಾಯ್ತು? ತಟ್ಟೆ ಕೈಯಲ್ಲೇ ಐತೆ. ಇಲ್ಲೇ ಕೊಟ್ಬುಡು.”

ಪುಟ್ಟರಾಜು ಎರಡು ಹೆಜ್ಜೆ ಹಿಂದೆ ಸರಿದ. “ಇಲ್ಲಿ ಬ್ಯಾಡ ಕಣತ್ತೆ. ಇದು ನಿಮ್ಮ ಹೊಸಲು.”

“ಇಬ್ರೂ ನಿಮ್ಮಪ್ಪನಂಗೇ ಉಟ್ಟಿದೀರ” ಎಂದು ಆಕೆ ಒಳಕ್ಕೆ ಹೋದಳು.

ಬಸ್‌ಸ್ಟ್ಯಾಂಡಿಗೆ ಬಂದರೆ ಹಾಸನದ ಬಸ್ಸು ಬಹಳ ರಶ್ಶಾಗಿತ್ತು. ಅರಕಲಗೂಡಿನ ಬಸ್ಸು ಅದಕ್ಕಿಂತ ರಶ್ಶಾಗಿತ್ತು ಎಂಬುದು ನಿಜ. ಆದರೆ “ಬರಬಹುದು” ಎಂಬುದನ್ನು “ಬರುತ್ತೇನೆ” ಎಂದು ಬದಲಿಸುವ ಗುಂಡಿ ಎಲ್ಲಿದೆಯೆಂದು ಅವನಿಗೆ ತಿಳಿಯದೇ ಇರಬಹುದು. ತಿಳಿದವರು ಹೋಗಿ ತೋರಿಸುವುದು ಧರ್ಮ. ಹತ್ತಿದೆ. ಅವನು ಏನೂ ಕೇಳದೆ ಸೀಟಿನಲ್ಲಿ ಸರಿದು ಜಾಗ ಕೊಟ್ಟು, ತಟ್ಟೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡ.

ಊರು ಹತ್ತಿರ ಬಂದಾಗ ಕಿವಿಯ ಹತ್ತಿರ ಬಾಗಿದ.

“ಅಣ್ಣ, ನೀನು ಸ್ಟ್ಯಾಂಡಲ್ಲಿ ಇಳ್ದು ಒಂದು ಟೀ ಕುಡ್ದು ನಿಧಾನಕ್ಕೆ ಬಾ. ನಾನು ಆಟೋದಲ್ಲಿ ಮುಂದೆ ಓಯ್ತೀನಿ.”

“ಯಾಕ್ಲಾ?”

“ನಾನು ಮನೇಲಿಲ್ದಿದ್ರೆ ನೀನ್ ಯಾರ್ನ ಕರೀತೀಯ?”

ನ್ಯಾಯವಾದ ಮಾತು. ತಟ್ಟೆ ನನ್ನ ಕೈಗೆ ಕೊಟ್ಟು ಹೋದ. ಟೀ ಕುಡಿದೆ. ಮೀಸೆ ಒರೆಸಿಕೊಂಡೆ. ನಿಧಾನಕ್ಕೆ ನಡೆದು ಹೋಗಿ ಅವನ ಹೊಸಿಲ ಮುಂದೆ ನಿಂತು ಕೆಮ್ಮಿದೆ. ಒಳಗಿನಿಂದ ಇಸ್ತ್ರಿ ಮಾಡಿದ ಅಂಗಿ, ಬಿಳಿ ಪಂಚೆ, ತಲೆಗೆ ನೀರು ಹಾಕಿ ಬಾಚಿದ ಕ್ರಾಪಿನಲ್ಲಿ ನನ್ನ ತಮ್ಮ ಹೊರಬಂದ.

“ಓ, ಬನ್ನಿ ಬನ್ನಿ. ಯಾವಾಗ್ ಬಂದ್ರಿ ಹಾಸನದಿಂದ?”

“ಈಗ ತಾನೇ.”

“ಬಸ್ಸು ರಶ್ಶಿತ್ತಾ?”

“ಇತ್ತು. ಪಕ್ಕದಲ್ಲಿ ಯಾವನೋ ಒಬ್ಬ ಮೈಮೇಲೆ ಬೀಳ್ತಿದ್ದ.”

ಅವನ ಹೆಂಡತಿ ಕಾಲಿಗೆ ನೀರು ತಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ನಾನು ಕ್ರಮದಂತೆ ಕುಂಕುಮ ಕೊಟ್ಟು, ಪತ್ರಿಕೆ ಕೊಟ್ಟು, “ನಮ್ಮ ತಂಗಿ ಮಗಳ ಮದುವೆ. ಮನೆಮಂದಿಯೆಲ್ಲ ಬಂದು ನಿಂತು ನಡೆಸಿಕೊಡಬೇಕು” ಎಂದು ಹೇಳಿದೆ. ಹೇಳಿ ಮುಗಿಸಿ ಒಂದು ಚೊಂಬು ನೀರು ಕೇಳಿ ಕುಡಿದೆ. ಬಸ್‌ಸ್ಟ್ಯಾಂಡಿನ ಟೀಯಲ್ಲಿ ಸಕ್ಕರೆ ಹೆಚ್ಚಾಗಿತ್ತು.

ಪುಟ್ಟ ಅಕ್ಷತೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತಲೆಗೆ ಹಾಕಿಕೊಂಡ. “ನೋಡಾನ” ಎಂದ.

ಕೊನೆಯ ಬಸ್ಸು ತಪ್ಪಿತು. ತಪ್ಪಿತು ಎಂದರೆ ಅದು ಹೊರಡುವ ಹೊತ್ತಿಗೆ ನಾನು ಎರಡನೆಯ ಮುದ್ದೆ ಮುರಿಯುತ್ತಿದ್ದೆ. ಧ್ವಜವಂದನೆಗೆ ಶಾಲೆಯಲ್ಲಿ ಇರಲೇಬೇಕಾದ್ದರಿಂದ ಬೆಳಗಿನ ಮೊದಲ ಬಸ್ಸಿಗೆ ಸ್ಕೂಟರಿನಲ್ಲಿ ತಂದು ಬಿಟ್ಟ. ಗುಂಡಿ ತೋರಿಸುವುದು ಮರೆತುಹೋಯಿತು.

9 ಫೆಬ್ರವರಿ

ಮದುವೆ ಆಯಿತು.

ರೂಪಶ್ರೀಯ ಬಲಗೈ ನಾನು ಹಿಡಿದಿದ್ದೆ, ಎಡಗೈ ಅವನು. ನಾನು ಸಂದರ್ಭಕ್ಕೆ ತಕ್ಕ ಗಾಂಭೀರ್ಯದಿಂದ ನಡೆಯುತ್ತಿದ್ದರೆ ಅವನು ಮಾರ್ಕೆಟ್ಟಿಗೆ ಶುಂಠಿ ಸಾಗಿಸುವವನ ಹಾಗೆ ಎಳೆಯುತ್ತಿದ್ದ. “ಮಾವ, ಇಬ್ರೂ ಒಂದೇ ಕಡೆಗೆ ಕರ್ಕೊಂಡೋಗಿ. ಮಂಟಪ ಅಲ್ಲಿದೆ” ಎಂದಳು ಹುಡುಗಿ. ಮೆಟ್ಟಿಲ ಹತ್ತಿರ ಪುಟ್ಟನ ಮಂಡಿ ಹಿಡಿದುಕೊಂಡಿತು. ಇನ್ನೊಂದು ಕೈಯಿಂದ ಅವನ ರಟ್ಟೆಗೂ ನಾನೇ ಆಸರೆ ಕೊಡಬೇಕಾಯಿತು. ನೋಡಿದವರು ಯಾರು ಯಾರನ್ನು ಧಾರೆಗೆ ಕರೆತರುತ್ತಿದ್ದಾರೆಂದು ಗೊಂದಲಪಟ್ಟಿರಬೇಕು. ದೊಡ್ಡತ್ತೆ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಗಮನಿಸುತ್ತಿದ್ದಳು.

“ಬರಬಹುದು” ಎಂದವರೆಲ್ಲ ಬಂದರು, ನೆರೆಹೊರೆಯವರನ್ನೂ ಕರೆತಂದರು. ಆದರೂ ಊಟ ಸಾಲದೆ ಬರಲಿಲ್ಲ. ಗುಂಡಯ್ಯನವರನ್ನು ಕೇಳಿದರೆ, “ಮೂರ್ನೇ ಗುಂಡಿಗೆ ಒಂದೂವರೆ ಎಲೆ ಅಂತ ಇಡ್ಕಂಡೆ ಸಾ” ಎಂದರು.

ಒಂದು ವಿಷಯ ಮಾತ್ರ ನನಗೆ ಹಿಡಿಸಲಿಲ್ಲ. ಪಾತ್ರೆ ಜೋಡಿಸುವಾಗ ಅನಸೂಯ ಬಾಯಿಜಾರಿ ಹೇಳಿದಳು: ಅವಳ ದೊಡ್ಡ ಮಗ ಸಂಜಯನ ಮದುವೆಗೆ ಮಾಡಿದ್ದ ನೆಂಟರ ಪಟ್ಟಿ ಕ್ರಮವಾಗಿ, ಸಾಲುಸಾಲಾಗಿ ಬೀರುವಿನಲ್ಲೇ ಇತ್ತಂತೆ. ಹಾಗಿದ್ದ ಮೇಲೆ ರೂಪಶ್ರೀ ಆ ಹಾಳೆ ಮಾಡಿ ನಮ್ಮಿಬ್ಬರನ್ನು ಯಾಕೆ ಎರಡು ತಿಂಗಳು ಕೂರಿಸಿದಳು? ಈಗಿನ ಮಕ್ಕಳಿಗೆ ಯೋಜನೆ ಎಂಬುದೇ ಇಲ್ಲ.

12 ಫೆಬ್ರವರಿ, ಗುರುವಾರ

ಸೈಬರಿನಲ್ಲಿ ಕೆಲಸವೇನೂ ಇರಲಿಲ್ಲ. ಸುಮ್ಮನೆ ಹಾಳೆ ತೆರೆದೆ. ಎಲ್ಲ ಸಾಲಿನ ಮುಂದೆಯೂ “ಕೊಟ್ಟಾಯಿತು” ಎಂದಿತ್ತು. ಹಸಿರು ಚೌಕ ಕೆಳಗಿನ ಖಾಲಿ ಜಾಗದಲ್ಲಿ ಕೂತಿತ್ತು.

“ಭಾನುವಾರ ಹಾಸನದಲ್ಲಿ ಒಂಚೂರು ಕೆಲಸ ಐತೆ” ಎಂದು ಬರೆದ.

“ಏನು ಕೆಲಸ?”

“ಅಂಥಾದ್ದೇನಿಲ್ಲ. ಇವ್ಳೂ ಬತ್ತಾಳೆ. ಮಧ್ಯಾನ್ಕೆ ಮುಗೀತದೆ.”

“ಊಟ?”

 ಉತ್ತರ ಬಂತು: “ನಿಮ್ಮನೆ ಯಾವ ರೋಡಲ್ಲಿ?”

ಆಕಾಶದ ನಕ್ಷೆಯನ್ನು ಕಳಿಸಬಹುದಿತ್ತು, ಹೇಗೆಂದು ರೂಪಶ್ರೀ ಹೇಳಿಕೊಟ್ಟಿದ್ದಾಳೆ. ಕಳಿಸಲಿಲ್ಲ. ಕೂತು ಬರೆದೆ. ಬಸ್‌ಸ್ಟ್ಯಾಂಡಿನಿಂದ ಆಟೋ, ನೀರಿನ ಟ್ಯಾಂಕಿನ ಹತ್ತಿರ ಇಳಿ, ಹಾಲಿನ ಬೂತು ದಾಟಿ ಎಡಕ್ಕೆ, ಚರಂಡಿಯ ಕಲ್ಲು ಅಲುಗುತ್ತದೆ ಮಂಡಿ ಹುಷಾರು, ಕಡುನೀಲಿ ಗೇಟು. ಎಲ್ಲಾದರೂ ತಪ್ಪು ತಿರುವು ಹಿಡಿದಾನೆಂದು ಎರಡು ಸಲ ಓದಿ ನೋಡಿ ಕಳಿಸಿದೆ.

ಮನೆಗೆ ಬಂದು ಯಶೋದಳಿಗೆ ಹೇಳೋಣವೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಈ ನಾಲ್ಕು ವರ್ಷ ಅವನ ಹೆಸರೆತ್ತಬೇಡ ಎಂದು ಅವಳ ಬಾಯಿ ಮುಚ್ಚಿಸುತ್ತಾ ಬಂದವನು ನಾನು. ಏನು ಬೇಕು ಎಂದಳು. ನೀರು ಎಂದೆ. ಕುಡಿದು ಬಂದೆ.

ಈಗ ಡೈರಿ ತೆರೆದರೆ ಹಿಂದಿನ ಪುಟದ ಅಂಚಿನಲ್ಲಿ ಒಂದು ಅರಿಶಿನದ ಹೆಬ್ಬೆಟ್ಟಿನ ಗುರುತಿದೆ. ನನ್ನದಲ್ಲ. ಆದ್ದರಿಂದ ಇದನ್ನು ಓದುತ್ತಿರುವವರಲ್ಲಿ ಒಂದು ಸಣ್ಣ ಅರಿಕೆ. ಶನಿವಾರವೇ ಅವರೆಕಾಯಿ ತಂದು ಸುಲಿದು ನೆನೆಹಾಕಿಟ್ಟರೆ ಭಾನುವಾರ ಬೆಳಗ್ಗೆ ಹಿತುಕಲು ಸುಲಭ, ನಾನೂ ಕೂರುತ್ತೇನೆ. ಯಾಕೆ, ಯಾರು ಎಂದು ನನ್ನನ್ನು ಕೇಳಬಾರದು. ಸಾರಿಗೆ ಖಾರ ಸ್ವಲ್ಪ ಕಡಿಮೆ ಹಾಕಬೇಕು. ಪುಟ್ಟನಿಗೆ ಆಗುವುದಿಲ್ಲ.